ಎರಡು ದಾರದಲ್ಲಿ ನೇತಾಡುವ ಚಿತ್ರಗಾರ: ಗೋಡೆ ರೋಬೋ ಕಟ್ಟುವ ಬಗೆ

ಹಾಸನ, ಚಿಕ್ಕಮಗಳೂರು ಕಡೆಯ ಶಾಲೆ ಕಾಲೇಜುಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನ ಹತ್ತಿರ ಬಂತೆಂದರೆ ಗೋಡೆಯ ಮೇಲೆ ಚಿತ್ರ ಬರೆಯುವ ರೋಬೋ ಬಗ್ಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಎಲ್ಲ ಜೋಡಿಸಿದ್ದೇವೆ, ಮೋಟಾರು ತಿರುಗುತ್ತಿದೆ, ಪೆನ್ನೂ ಓಡುತ್ತಿದೆ. ಗೆರೆ ಮಾತ್ರ ನೇರ ಬರುತ್ತಿಲ್ಲ. ಕೋಡಿನಲ್ಲಿ ಏನು ತಪ್ಪು?" ಹೆಚ್ಚಿನ ಸಲ ತಪ್ಪು ಅಳತೆಯ ಟೇಪಿನಲ್ಲಿರುತ್ತದೆ. ಈ ರೋಬೋಗೆ ಕಣ್ಣಿಲ್ಲ, ಸೆನ್ಸರ್ ಇಲ್ಲ. ನೀವು ಅಳೆದು ಕೊಟ್ಟ ಮೂರು ನಾಲ್ಕು ಸಂಖ್ಯೆಗಳನ್ನು ನಂಬಿಕೊಂಡು ಅದು ಗೆರೆ ಎಳೆಯುತ್ತದೆ. ಹಾಗಾಗಿ ಇಲ್ಲಿ ಪ್ರೋಗ್ರಾಮಿಗಿಂತ ಅಳತೆಗೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ರೋಬೋದ ರಚನೆ ಸರಳ. ಹಲಗೆಯ ಮೇಲಿನ ಎರಡು ಮೂಲೆಯಲ್ಲಿ ಒಂದೊಂದು ಮೋಟಾರು. ಒಂದೊಂದರಿಂದ ಒಂದೊಂದು ದಾರ. ಎರಡೂ ದಾರ ಸೇರುವಲ್ಲಿ ಪೆನ್ನು ಹಿಡಿದ ತೊಟ್ಟಿಲು. ಎಡದ ದಾರ ಎಳೆದು ಬಲದ ದಾರ ಬಿಟ್ಟರೆ ಪೆನ್ನು ಎಡಕ್ಕೆ ಹೋಗುತ್ತದೆ, ಎರಡನ್ನೂ ಬಿಟ್ಟರೆ ಕೆಳಕ್ಕೆ ಇಳಿಯುತ್ತದೆ. ಇದಕ್ಕೆ ಪೋಲಾರ್‌ಗ್ರಾಫ್ ಎಂಬ ಹೆಸರೂ ಇದೆ. ಲೆಕ್ಕವೆಲ್ಲ ಪೈಥಾಗೊರಸ್ ಪ್ರಮೇಯದ್ದೇ. ಹೈಸ್ಕೂಲು ಮಕ್ಕಳಿಗೆ ಇದನ್ನು ಕೊಡಲು ದೊಡ್ಡ ಕಾರಣವೂ ಅದೇ.

ಬೇಕಾಗುವ ಸಾಮಾನು

ಅಟಲ್ ಟಿಂಕರಿಂಗ್ ಲ್ಯಾಬ್ (ಕೇಂದ್ರ ಸರ್ಕಾರದ ನೆರವಿನ ಪ್ರಯೋಗ ಕೋಣೆ) ಇರುವ ಶಾಲೆಯಾದರೆ ಇವುಗಳಲ್ಲಿ ಅರ್ಧ ಸಾಮಾನು ಕಪಾಟಿನಲ್ಲೇ ಸಿಗಬಹುದು. ಉಳಿದದ್ದನ್ನು ಆನ್‌ಲೈನ್‌ನಲ್ಲಿ ತರಿಸಿ, ಇಲ್ಲವೇ ಬೆಂಗಳೂರಿಗೆ ಹೋಗುವವರಿದ್ದರೆ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿನಿಂದ ತರಲು ಹೇಳಿ.

ಆರ್ಡುಯಿನೊ ಊನೊ ಬೋರ್ಡ್ 1. ನಾವು ಬರೆದ ಪ್ರೋಗ್ರಾಮಿನಂತೆ ಮೋಟಾರುಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್ ಇದು.
28ಬಿವೈಜೆ-48 ಸ್ಟೆಪರ್ ಮೋಟಾರು 2. ಸ್ಟೆಪರ್ ಎಂದರೆ ಹೆಜ್ಜೆ ಎಣಿಸಿಕೊಂಡು ತಿರುಗುವ ಮೋಟಾರು. ಇದೇ ಹೆಸರಿನಲ್ಲಿ 12 ವೋಲ್ಟಿನದೂ ಮಾರಾಟಕ್ಕಿದೆ. ಮೈಮೇಲೆ 5 ವೋಲ್ಟ್ ಎಂದು ಬರೆದಿದೆಯೇ ನೋಡಿ ಕೊಳ್ಳಿ.
ಯುಎಲ್‌ಎನ್2003 ಡ್ರೈವರ್ ಬೋರ್ಡ್ 2. ಆರ್ಡುಯಿನೊ ಕೊಡುವ ಸಣ್ಣ ಸಂಕೇತವನ್ನು ಮೋಟಾರಿಗೆ ಸಾಲುವ ಕರೆಂಟಾಗಿಸುವ ಪುಟ್ಟ ಬೋರ್ಡ್ ಇದು. ಸಾಮಾನ್ಯವಾಗಿ ಮೋಟಾರಿನ ಜೊತೆಯಲ್ಲೇ ಬರುತ್ತದೆ.
ಎಸ್‌ಜಿ90 ಸರ್ವೊ 1, ಪೆನ್ನು ಎತ್ತಲು. ಸರ್ವೊ ಎಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು.
5 ವೋಲ್ಟ್, 2 ಆಂಪ್ಸ್ ಅಡಾಪ್ಟರ್, ಮತ್ತು ವೋಲ್ಟೇಜ್ ಕುಸಿಯದಂತೆ ತಡೆಯಲು 470 ಮೈಕ್ರೋಫ್ಯಾರಡ್ ಕೆಪಾಸಿಟರ್ 1.
12 ಮಿ.ಮೀ. ಪ್ಲೈವುಡ್, 3 ಅಡಿ × 3 ಅಡಿ.
ಹೆಣೆದ ಮೀನು ದಾರ, ಒಂದೂವರೆ ಮೀಟರಿನ ಎರಡು ತುಂಡು.
ನುಣುಪಾದ ಸಣ್ಣ ಹಿತ್ತಾಳೆ ಹುಕ್ಕು 2, ಪರದೆ ಉಂಗುರ 2, ಹಳೆಯ ಸಿಡಿ 2, ಒಂದಿಷ್ಟು ವಾಷರ್.
ದಾರ ಸುತ್ತಲು 20 ಮಿ.ಮೀ. ವ್ಯಾಸದ ಉರುಳೆ 2.

ದಾರದ ವಿಷಯದಲ್ಲಿ ಜಿಪುಣತನ ಬೇಡ. ಹತ್ತಿಯ ದಾರ ಸಕಲೇಶಪುರ, ಮೂಡಿಗೆರೆಯ ಮಳೆಗಾಲದ ಗಾಳಿಗೆ ತೇವ ಹೀರಿ ಬೆಳಿಗ್ಗೆ ಒಂದು ಉದ್ದ, ಮಧ್ಯಾಹ್ನ ಒಂದು ಉದ್ದ ಆಗುತ್ತದೆ. ಒಂಟಿ ಎಳೆಯ ನೈಲಾನ್ ದಾರ ರಬ್ಬರಿನಂತೆ ಹಿಗ್ಗುತ್ತದೆ. ಹೆಣೆದ ಮೀನು ದಾರಕ್ಕೆ ಎರಡು ಕಾಟವೂ ಕಡಿಮೆ.

ಉರುಳೆಗೆ 3ಡಿ ಪ್ರಿಂಟರ್ ಇಲ್ಲದಿದ್ದರೆ ನಿಮ್ಮೂರಿನ ಲೇತ್ ಅಂಗಡಿಗೆ ಹೋಗಿ. ನೈಲಾನ್ ರಾಡಿನಲ್ಲಿ 20 ಮಿ.ಮೀ. ವ್ಯಾಸ, 8 ಮಿ.ಮೀ. ಅಗಲ, ಎರಡೂ ಕಡೆ ಅಂಚು, ನಡುವೆ 5 ಮಿ.ಮೀ. ತೂತು, ಪಕ್ಕದಿಂದ ಬಿಗಿಯಲು ಸಣ್ಣ ಸ್ಕ್ರೂ ಎಂದು ಹೇಳಿದರೆ ಸಾಕು. ಎರಡನ್ನೂ ಒಂದೇ ಕೂರಿಸುವಿಕೆಯಲ್ಲಿ ಕಡೆಯಲು ಹೇಳಿ, ವ್ಯಾಸ ಒಂದೇ ಬರುತ್ತದೆ.

ಹಂತ 1: ಹಲಗೆ ಮತ್ತು ಹುಕ್ಕು

ಎರಡು ಹುಕ್ಕುಗಳ ನಡುವೆ ಸರಿಯಾಗಿ 800 ಮಿ.ಮೀ. ಇರಲಿ. ಹಲಗೆಯ ಮೇಲಂಚಿನಿಂದ 140 ಮಿ.ಮೀ. ಕೆಳಗೆ, ಎಡಬಲ ಸಮನಾಗಿ, ರಸಮಟ್ಟ ಇಟ್ಟು ಗುರುತು ಹಾಕಿ. ಮೋಟಾರುಗಳನ್ನು ಹುಕ್ಕುಗಳಿಂದ ಸುಮಾರು 100 ಮಿ.ಮೀ. ಮೇಲೆ ಕೂರಿಸಿ. ದಾರ ಉರುಳೆಯಿಂದ ಇಳಿದು ಹುಕ್ಕಿನೊಳಗಿಂದ ಹಾದು ಪೆನ್ನಿನ ಕಡೆ ಹೋಗಬೇಕು.

ಹುಕ್ಕು ಯಾಕೆ, ಉರುಳೆಯಿಂದ ನೇರವಾಗಿ ಪೆನ್ನಿಗೆ ಕಟ್ಟಿದರಾಗದೇ ಎಂದು ಕೇಳುವವರಿದ್ದಾರೆ. ಕಟ್ಟಬಹುದು, ಗೆರೆಯೂ ಬೀಳುತ್ತದೆ. ಆದರೆ ದಾರ ಉರುಳೆಯನ್ನು ಬಿಡುವ ಜಾಗ ಪೆನ್ನಿನ ಕೋನಕ್ಕೆ ತಕ್ಕಂತೆ ಸರಿಯುತ್ತಿರುತ್ತದೆ, ತ್ರಿಕೋನದ ಮೇಲಿನ ಎರಡು ಮೂಲೆ ನಿಂತಲ್ಲಿ ನಿಲ್ಲುವುದಿಲ್ಲ. ಹುಕ್ಕು ಇದ್ದರೆ ಆ ಮೂಲೆ ಅಲುಗದು. ಇನ್ನು ಮುಂದೆ ಅಳತೆಯೆಲ್ಲ ಹುಕ್ಕಿನಿಂದ, ಮೋಟಾರಿನ ದಂಡದಿಂದಲ್ಲ.

800 ಎಂಬ ಸಂಖ್ಯೆಗೂ ಕಾರಣವಿದೆ. ಹುಕ್ಕುಗಳ ನಡುಮಧ್ಯದಿಂದ 300 ಮಿ.ಮೀ. ಕೆಳಗೆ ಪೆನ್ನು ನಿಂತರೆ ಪ್ರತಿ ದಾರವೂ ಸರಿಯಾಗಿ 500 ಮಿ.ಮೀ. ಆಗುತ್ತದೆ. 300, 400, 500: ಪಾಯದ ಮೂಲೆ ನೋಡಲು ಗಾರೆಯವರು ಹಿಡಿಯುವ 3-4-5 ಲೆಕ್ಕವೇ ಇದು. ಆ ಬಿಂದುವಿಗೆ ಹಲಗೆಯ ಮೇಲೆ ಒಂದು ಸಣ್ಣ ಅಡ್ಡಗುರುತು ಹಾಕಿ. ರೋಬೋದ ಮನೆ ಅದು. ಪ್ರತಿ ಚಿತ್ರವೂ ಅಲ್ಲಿಂದಲೇ ಹೊರಡಬೇಕು.

ಎ3 ಹಾಳೆಯನ್ನು ಅಡ್ಡಲಾಗಿ, ಅದರ ಮೇಲಂಚು ಹುಕ್ಕುಗಳ ಮಟ್ಟದಿಂದ 250 ಮಿ.ಮೀ. ಕೆಳಗೆ ಬರುವಂತೆ ಅಂಟಿಸಿ. ಮನೆಯ ಗುರುತು ಹಾಳೆಯ ಅಡಿಗೆ ಹೋಗುವುದರಿಂದ ಅದನ್ನು ಹಾಳೆಯ ಮೇಲೂ ಹಾಕಿಕೊಳ್ಳಿ. ಇನ್ನೂ ಮೇಲೆ ಹೋಗಬೇಡಿ. ದಾರಗಳು ಅಡ್ಡಕ್ಕೆ 30 ಡಿಗ್ರಿ ಕೋನದಲ್ಲಿದ್ದಾಗ ಒಂದೊಂದು ದಾರದ ಮೇಲೂ ತೊಟ್ಟಿಲಿನ ಪೂರ್ತಿ ತೂಕದಷ್ಟು ಎಳೆತ ಬೀಳುತ್ತದೆ. 10 ಡಿಗ್ರಿಗೆ ಬಂದರೆ ತೂಕದ ಸುಮಾರು ಮೂರರಷ್ಟು. ಪುಟ್ಟ ಮೋಟಾರು ಅಲ್ಲಿ ಹೆಜ್ಜೆ ತಪ್ಪುತ್ತದೆ. ಹುಕ್ಕಿನ ನೇರ ಕೆಳಗೂ ಹೋಗಬೇಡಿ. ಅಲ್ಲಿ ಭಾರವೆಲ್ಲ ಒಂದೇ ದಾರಕ್ಕೆ ಬಿದ್ದು ಇನ್ನೊಂದು ಜೋಲು ಬೀಳುತ್ತದೆ.

ಹಲಗೆಯನ್ನು ಗೋಡೆಗೆ ಒರಗಿಸಿ, 5ರಿಂದ 10 ಡಿಗ್ರಿ ಹಿಂದಕ್ಕೆ ವಾಲಿರಲಿ. ನೆಟ್ಟಗೆ ನಿಲ್ಲಿಸಿದರೆ ತೊಟ್ಟಿಲು ಗಾಳಿಯಲ್ಲಿ ತೂಗಾಡಿ ಪೆನ್ನು ಹಾಳೆ ಬಿಡುತ್ತದೆ.

ಹಂತ 2: ತೊಟ್ಟಿಲು

ಎರಡು ಸಿಡಿಗಳನ್ನು ಅಂಟಿಸಿ. ನಡುವಿನ 15 ಮಿ.ಮೀ. ತೂತಿಗೆ ಬಿಗಿಯಾಗಿ ಕೂರುವ ಕೊಳವೆ ತೂರಿಸಿ, ಪೆನ್ನು ಅದರೊಳಗೆ ನುಣ್ಣಗೆ ಹಿಂದೆಮುಂದೆ ಸರಿಯಬೇಕು. ಎರಡು ಪರದೆ ಉಂಗುರಗಳನ್ನು ಆ ಕೊಳವೆಯ ಸುತ್ತ ಸಡಿಲವಾಗಿ ಹಾಕಿ, ಒಂದಕ್ಕೆ ಎಡದ ದಾರ, ಇನ್ನೊಂದಕ್ಕೆ ಬಲದ ದಾರ ಕಟ್ಟಿ. ಉಂಗುರ ತಿರುಗುವುದರಿಂದ ಎರಡು ದಾರವೂ ಯಾವಾಗಲೂ ಪೆನ್ನಿನ ನಡುವನ್ನೇ ನೋಡುತ್ತವೆ. ದಾರವನ್ನು ಸಿಡಿಯ ಅಂಚಿನ ಎರಡು ತೂತಿಗೆ ಕಟ್ಟುವುದು ಸುಲಭವೆಂದು ಹಾಗೆ ಮಾಡಿದರೆ ತೊಟ್ಟಿಲು ಹಾದಿಯುದ್ದಕ್ಕೂ ವಾಲುತ್ತದೆ, ತ್ರಿಕೋನದ ಲೆಕ್ಕ ಕೆಡುತ್ತದೆ.

ದಾರ ಕಟ್ಟಿದ ಮೇಲೆ ಉಂಗುರದ ದಪ್ಪದಿಂದ ಕೆಲವು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಪೆನ್ನಿನ ನಡುವಿನಿಂದ ಹುಕ್ಕಿಗೆ ಅಳೆದು 500 ಬರುವಂತೆ ಮಾಡಿಕೊಳ್ಳಿ.

ಸಿಡಿಯ ಕೆಳಭಾಗದಲ್ಲಿ ವಾಷರ್ ಅಂಟಿಸುತ್ತ ಒಟ್ಟು ತೂಕವನ್ನು 100ರಿಂದ 120 ಗ್ರಾಂಗೆ ತನ್ನಿ. ಹಗುರವಾದರೆ ಪೆನ್ನಿನ ತಿಕ್ಕಾಟಕ್ಕೇ ತೊಟ್ಟಿಲು ಅಂಟಿ ನಿಂತು ಆಮೇಲೆ ಗಕ್ಕನೆ ಹಾರುತ್ತದೆ, ಗೆರೆ ಗರಗಸದ ಹಲ್ಲಿನಂತೆ ಬರುತ್ತದೆ. ಭಾರದಿಂದ ಇನ್ನೊಂದು ಲಾಭವೂ ಇದೆ: ಈ ಮೋಟಾರಿನ ಗೇರುಗಳಲ್ಲಿ ಒಂದಿಷ್ಟು ಸಡಿಲ ಇರುತ್ತದೆ, ತೂಕ ಸದಾ ಒಂದೇ ಕಡೆ ಎಳೆಯುತ್ತಿದ್ದರೆ ಆ ಸಡಿಲ ಗೆರೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಬಾಲ್‌ಪೆನ್ನು ಬೇಡ, ಅಡ್ಡ ಹಿಡಿದು ಬರೆದರೆ ಸ್ವಲ್ಪ ಹೊತ್ತಿಗೆ ಶಾಯಿ ನಿಲ್ಲುತ್ತದೆ. ಮಕ್ಕಳ ಸ್ಕೆಚ್ ಪೆನ್ನು ಸಾಕು. ಸುಣ್ಣದ ಗೋಡೆಯ ಮೇಲೆ ನೇರವಾಗಿ ಬರೆಸಲೂ ಹೋಗಬೇಡಿ. ಪುಡಿ ಮೆತ್ತಿಕೊಂಡು ಎರಡು ಮೀಟರಿಗೆ ತುದಿ ಕೆಡುತ್ತದೆ.

ಸರ್ವೊವನ್ನು ಸಿಡಿಯ ಮೇಲೆ ಅಂಟಿಸಿ, ಅದರ ತೋಳು ತಿರುಗಿದಾಗ ಹಾಳೆಯನ್ನು ಒತ್ತಿ ತೊಟ್ಟಿಲನ್ನೇ 3ರಿಂದ 5 ಮಿ.ಮೀ. ಹಿಂದೆ ತಳ್ಳಲಿ. ಅದರ ವೈರು ತೆಳುವಾಗಿರಲಿ, ಹಲಗೆಯ ಮೇಲಂಚಿನ ನಡುವಿನಿಂದ ಸಡಿಲವಾಗಿ ಇಳಿಬಿಡಿ. ಮೊದಲ ಸಲ ಕಟ್ಟುವವರು ಸರ್ವೊವನ್ನು ಬದಿಗಿಟ್ಟು, ಪೆನ್ನು ಎತ್ತದೆ ಬರೆಯಬಹುದಾದ ಚಿತ್ರಗಳಿಂದ ಶುರು ಮಾಡುವುದು ಒಳ್ಳೆಯದು. ಎಳೆ ರಂಗೋಲಿಯಲ್ಲಿ ಒಂದೇ ಎಳೆಯಲ್ಲಿ ಮುಗಿಯುವಂಥವು ಬೇಕಾದಷ್ಟಿವೆ.

ಹಂತ 3: ವೈರಿಂಗ್

ಎಡ ಮೋಟಾರಿನ ಡ್ರೈವರ್ ಆರ್ಡುಯಿನೊದ 2, 3, 4, 5ನೇ ಪಿನ್ನಿಗೆ. ಬಲದ್ದು 6, 7, 8, 9ಕ್ಕೆ. ಸರ್ವೊದ ಸಂಕೇತದ ವೈರು 10ಕ್ಕೆ. 0 ಮತ್ತು 1 ಖಾಲಿ ಇರಲಿ, ಕಂಪ್ಯೂಟರಿನ ಜೊತೆ ಮಾತಾಡಲು ಅವು ಬೇಕು.

ಮೋಟಾರು, ಸರ್ವೊಗಳಿಗೆ ಕರೆಂಟು ಅಡಾಪ್ಟರಿನಿಂದಲೇ ಬರಬೇಕು. ಆರ್ಡುಯಿನೊದ 5 ವೋಲ್ಟ್ ಪಿನ್ನಿನಿಂದ ಎಳೆದರೆ ಸರ್ವೊ ಏಳುವ ಹೊತ್ತಿಗೆ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ, ನಡುಚಿತ್ರದಲ್ಲಿ ರೋಬೋ ಎಲ್ಲ ಮರೆತು ಮೊದಲಿನಿಂದ ಶುರು ಮಾಡುತ್ತದೆ. ಕೆಪಾಸಿಟರನ್ನು ಸರ್ವೊದ ಪ್ಲಸ್ ಮೈನಸ್ ನಡುವೆ, ಧ್ರುವ ನೋಡಿ ಹಾಕಿ. ಅಡಾಪ್ಟರಿನ ಮೈನಸ್ ಮತ್ತು ಆರ್ಡುಯಿನೊದ ಗ್ರೌಂಡ್ ಎರಡನ್ನೂ ಸೇರಿಸಲೇಬೇಕು. ಮರೆತರೆ ಮೋಟಾರು ಸುಮ್ಮನೆ ನಡುಗುತ್ತದೆ.

ಹಂತ 4: ಹೆಜ್ಜೆಯ ಲೆಕ್ಕ

ಒಂದು ಮಿಲಿಮೀಟರ್ ದಾರಕ್ಕೆ ಎಷ್ಟು ಹೆಜ್ಜೆ? ಈ ಮೋಟಾರು ಅರ್ಧಹೆಜ್ಜೆ ಕ್ರಮದಲ್ಲಿ (ಪ್ರತಿ ಹೆಜ್ಜೆಯನ್ನು ಎರಡು ಪಾಲು ಮಾಡಿ ಓಡಿಸುವಾಗ) ಒಂದು ಸುತ್ತಿಗೆ 4096 ಹೆಜ್ಜೆ ಇಡುತ್ತದೆ ಎಂದು ಬರೆದಿರುತ್ತಾರೆ. ಒಳಗಿನ ಗೇರಿನ ಹಲ್ಲು ಎಣಿಸಿ ಗುಣಿಸಿದರೆ ಬರುವುದು ಸುಮಾರು 4076. ಉರುಳೆಯ ಸುತ್ತಳತೆ 62.8 ಮಿ.ಮೀ. ಭಾಗಿಸಿದರೆ ಮಿಲಿಮೀಟರಿಗೆ ಸುಮಾರು 65 ಹೆಜ್ಜೆ.

ಈ 65ನ್ನು ನಂಬಬೇಡಿ, ಅಳೆಯಿರಿ. ಒಂದು ಮೋಟಾರಿಗೆ 500 ಮಿ.ಮೀ. ದಾರ ಬಿಡಲು ಹೇಳಿ, ಟೇಪು ಹಿಡಿಯಿರಿ. 488 ಬಂತು ಎನ್ನೋಣ: 65 × 500 ÷ 488 = 66.6. ಅದೇ ನಿಮ್ಮ ಮೋಟಾರಿನ ನಿಜವಾದ ಸಂಖ್ಯೆ. ಎರಡು ಮೋಟಾರಿಗೂ ಬೇರೆ ಬೇರೆಯಾಗಿ ಮಾಡಿ.

ಅಳೆಯುವಾಗ ಉರುಳೆಯ ಕಡೆ ಕಣ್ಣಿರಲಿ. ದಾರ ಒಂದರ ಪಕ್ಕ ಒಂದರಂತೆ ಕೂರಬೇಕು. 0.25 ಮಿ.ಮೀ. ದಪ್ಪದ ದಾರ ತನ್ನ ಮೇಲೆ ತಾನೇ ಒಂದು ಪದರ ಹತ್ತಿದರೆ ವ್ಯಾಸ ಅರ್ಧ ಮಿಲಿಮೀಟರ್ ಹೆಚ್ಚುತ್ತದೆ, 20ರಲ್ಲಿ ಅರ್ಧ ಎಂದರೆ ನೂರಕ್ಕೆ ಎರಡೂವರೆ, 500 ಮಿ.ಮೀ. ದಾರದಲ್ಲಿ 12 ಮಿ.ಮೀ. ಮೀರಿ ತಪ್ಪು.

ಹಂತ 5: ಪ್ರೋಗ್ರಾಮ್

ಕೋಡು ಬರೆದು ಬೋರ್ಡಿಗೆ ಕಳಿಸುವ ತಂತ್ರಾಂಶವಾದ ಆರ್ಡುಯಿನೊ ಐಡಿಇಯಲ್ಲಿ ಆಕ್ಸೆಲ್‌ಸ್ಟೆಪರ್ ಎಂಬ ಲೈಬ್ರರಿ ಹಾಕಿಕೊಳ್ಳಿ. ಲೈಬ್ರರಿ ಎಂದರೆ ಯಾರೋ ಬರೆದಿಟ್ಟ ಸಿದ್ಧ ಕೋಡು. ಅದರ ಜೊತೆಗೇ ಬರುವ ಮಲ್ಟಿಸ್ಟೆಪರ್ ಎರಡೂ ಮೋಟಾರು ಒಂದೇ ಕ್ಷಣಕ್ಕೆ ಗುರಿ ಮುಟ್ಟುವಂತೆ ನೋಡಿಕೊಳ್ಳುತ್ತದೆ. ಪಿನ್ನುಗಳನ್ನು ಕೊಡುವಾಗ 1, 2, 3, 4 ಎಂಬ ಕ್ರಮದಲ್ಲಿ ಕೊಟ್ಟರೆ ಮೋಟಾರು ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ. ಡ್ರೈವರಿನ 1, 3, 2, 4 ಕ್ರಮ ಬೇಕು: ಎಡಕ್ಕೆ 2, 4, 3, 5, ಬಲಕ್ಕೆ 6, 8, 7, 9. ಅತಿ ಹೆಚ್ಚು ಜನ ಸಿಕ್ಕಿಬೀಳುವ ಜಾಗ ಇದು.

ವೇಗ ಸೆಕೆಂಡಿಗೆ 600 ಹೆಜ್ಜೆ ಇಡಿ. ಪೆನ್ನು ಸೆಕೆಂಡಿಗೆ ಸುಮಾರು 9 ಮಿ.ಮೀ. ಓಡುತ್ತದೆ, ಹತ್ತು ಮೀಟರ್ ಗೆರೆಯ ಚಿತ್ರಕ್ಕೆ ಹದಿನೆಂಟು ನಿಮಿಷ. ನಿಧಾನವೇ, ಆದರೆ ಓಡಿಸಿದರೆ ಹೆಜ್ಜೆ ತಪ್ಪುತ್ತದೆ.

ಎಡ ಹುಕ್ಕು ಸೊನ್ನೆ ಎಂದುಕೊಳ್ಳಿ. ಅಲ್ಲಿಂದ ಬಲಕ್ಕೆ ಇರುವ ದೂರ "ಅಡ್ಡ", ಕೆಳಕ್ಕೆ ಇರುವ ದೂರ "ಇಳಿ". ಆಗ:

ಎಡದಾರ = √(ಅಡ್ಡ² + ಇಳಿ²)
ಬಲದಾರ = √((800 − ಅಡ್ಡ)² + ಇಳಿ²)

ರೋಬೋದ ಗಣಿತ ಇಷ್ಟೇ. ಆದರೆ ಇಷ್ಟನ್ನೇ ಬರೆದು, ಗೆರೆಯ ಕೊನೆಯ ಬಿಂದುವಿನ ದಾರದ ಉದ್ದ ಲೆಕ್ಕ ಹಾಕಿ ಮೋಟಾರು ಓಡಿಸಿದರೆ ಗೆರೆ ಬಾಗಿಲ ತೋರಣದಂತೆ ಜೋತು ಬೀಳುತ್ತದೆ. ಯಾಕೆಂದು ಒಂದು ಸಲ ಕೈಯಾರೆ ಲೆಕ್ಕ ಮಾಡಿ. ಅಡ್ಡ 200, ಇಳಿ 400ರಿಂದ ಅಡ್ಡ 600, ಇಳಿ 400ಕ್ಕೆ ಹೋಗಬೇಕು. ಎಡದಾರ 447.2ರಿಂದ 721.1ಕ್ಕೆ, ಬಲದಾರ 721.1ರಿಂದ 447.2ಕ್ಕೆ. ಮೋಟಾರುಗಳು ಸಮವೇಗದಲ್ಲಿ ತಿರುಗಿದರೆ ಅರ್ಧ ದಾರಿಯಲ್ಲಿ ಎರಡೂ ದಾರ 584.15. ಪೆನ್ನು ಆಗ ಅಡ್ಡ 400ರಲ್ಲಿ ಇರುತ್ತದೆ ಸರಿ, ಆದರೆ ಇಳಿ √(584.15² − 400²), ಅಂದರೆ 425.7. ನಡುವಿನಲ್ಲಿ ಗೆರೆ 26 ಮಿ.ಮೀ. ಕೆಳಗೆ!

ಪರಿಹಾರ: ಗೆರೆಯನ್ನು 2 ಮಿ.ಮೀ. ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಹೊಸದಾಗಿ ದಾರದ ಉದ್ದ ಲೆಕ್ಕ ಹಾಕಿ. ಪ್ರೋಗ್ರಾಮಿನ ನಡೆ ಹೀಗಿರಲಿ:

ಗೆರೆ ಎಳೆ (ಹೊಸ ಅಡ್ಡ, ಹೊಸ ಇಳಿ)
 ಈಗಿರುವ ಬಿಂದುವಿನಿಂದ ಹೊಸ ಬಿಂದುವಿಗೆ ದೂರ ಕಂಡುಹಿಡಿ
 ತುಂಡುಗಳ ಸಂಖ್ಯೆ = ದೂರ ÷ 2, ಶೇಷವಿದ್ದರೆ ಒಂದು ಹೆಚ್ಚು
 1ರಿಂದ ಕೊನೆಯ ತುಂಡಿನವರೆಗೆ
  ಆ ತುಂಡಿನ ತುದಿಯ ಅಡ್ಡ, ಇಳಿ ಕಂಡುಹಿಡಿ
  ಎಡದಾರ, ಬಲದಾರ ಲೆಕ್ಕ ಹಾಕು
  ಮಿಲಿಮೀಟರಿಗಿಷ್ಟು ಹೆಜ್ಜೆ ಎಂಬ ಸಂಖ್ಯೆಯಿಂದ ಗುಣಿಸು
  ಎರಡೂ ಮೋಟಾರನ್ನು ಆ ಹೆಜ್ಜೆಗೆ ಓಡಿಸು
 ಈಗಿರುವ ಬಿಂದು = ಹೊಸ ಬಿಂದು

ಪ್ರೋಗ್ರಾಮ್ ಶುರುವಾಗುವಾಗ ಎರಡೂ ಮೋಟಾರಿನ ಸ್ಥಾನವನ್ನು 500 ಮಿ.ಮೀ.ಗೆ ಸಮನಾದ ಹೆಜ್ಜೆ ಎಂದು ಹೇಳಬೇಕು, 65ರ ಲೆಕ್ಕದಲ್ಲಿ 32,500. ಇಲ್ಲೊಂದು ಗುಂಡಿ ಇದೆ. ಊನೊದಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ (ಇಂಟ್) ಹಿಡಿಯುವ ದೊಡ್ಡ ಸಂಖ್ಯೆ 32,767. ಹೆಜ್ಜೆಯನ್ನು ಇಂಟ್‌ನಲ್ಲಿ ಇಟ್ಟರೆ ರೋಬೋ ಸರಿಯಾಗೇ ಹೊರಡುತ್ತದೆ, ನಾಲ್ಕು ಮಿಲಿಮೀಟರ್ ದಾರ ಬಿಡುವಷ್ಟರಲ್ಲಿ ಸಂಖ್ಯೆ ಉಕ್ಕಿ ಋಣವಾಗಿ, ಮೋಟಾರು ಹುಚ್ಚೆದ್ದಂತೆ ಹಿಂದಕ್ಕೆ ಸುತ್ತುತ್ತದೆ. ಹೆಜ್ಜೆಗಳಿಗೆ ಲಾಂಗ್ (ದೊಡ್ಡ ಪೂರ್ಣಾಂಕ), ಮಿಲಿಮೀಟರುಗಳಿಗೆ ಫ್ಲೋಟ್ (ದಶಮಾಂಶ ಸಂಖ್ಯೆ) ಬಳಸಿ. 800 × 800 ಎಂದು ಇಂಟ್‌ನಲ್ಲಿ ಗುಣಿಸಿದರೂ 6,40,000 ಬರುವ ಬದಲು −15,360 ಬರುತ್ತದೆ, ಅದರ ವರ್ಗಮೂಲ ಹುಡುಕಹೋಗಿ ರೋಬೋ ನಿಂತೇಬಿಡುತ್ತದೆ.

ಎರಡು ಮೋಟಾರು ಎದುರುಬದುರು ದಿಕ್ಕಿಗೆ ದಾರ ಸುತ್ತುತ್ತವೆ. ಪೆನ್ನು ಹಾಕುವ ಮೊದಲು ಎರಡಕ್ಕೂ "50 ಮಿ.ಮೀ. ಬಿಡು" ಎಂದು ಹೇಳಿ ನೋಡಿ. ಒಂದು ಎಳೆದುಕೊಂಡರೆ ಅದರ ಹೆಜ್ಜೆಯನ್ನು −1ರಿಂದ ಗುಣಿಸಿ.

ಹಂತ 6: ಪರೀಕ್ಷೆಯ ಚೌಕ

ಅಡ್ಡ 300, ಇಳಿ 300ರಿಂದ ಅಡ್ಡ 500, ಇಳಿ 500ರವರೆಗೆ 200 ಮಿ.ಮೀ. ಚೌಕ ಬರೆಸಿ. ನಾಲ್ಕು ಬದಿ, ಎರಡು ಕರ್ಣ ಅಳೆಯಿರಿ. ಕರ್ಣ 283 ಬರಬೇಕು. ಬರದಿದ್ದರೆ ಚೌಕವೇ ರೋಗ ಹೇಳುತ್ತದೆ.

ಚೌಕ ಚೌಕವಾಗಿಯೇ ಇದ್ದು ಒಟ್ಟಾರೆ ವಾಲಿದ್ದರೆ ಹುಕ್ಕುಗಳು ಮಟ್ಟದಲ್ಲಿಲ್ಲ. ಎಲ್ಲ ಬದಿಯೂ ಒಂದೇ ಪ್ರಮಾಣದಲ್ಲಿ ಚಿಕ್ಕದು ಅಥವಾ ದೊಡ್ಡದಾದರೆ ಹೆಜ್ಜೆಯ ಸಂಖ್ಯೆ ತಪ್ಪು. ಕರ್ಣಗಳು ಒಂದಕ್ಕೊಂದು ಹೊಂದದಿದ್ದರೆ ಎರಡು ಉರುಳೆಯ ವ್ಯಾಸ ಬೇರೆ, ಇಲ್ಲವೇ ಒಂದರಲ್ಲಿ ದಾರ ಪದರ ಹತ್ತಿದೆ. ಕೊನೆಯ ಗೆರೆ ಮೊದಲ ಮೂಲೆಯನ್ನು ಮುಟ್ಟದಿದ್ದರೆ ಮೋಟಾರು ಹೆಜ್ಜೆ ತಪ್ಪಿದೆ ಅಥವಾ ಉರುಳೆ ದಂಡದ ಮೇಲೆ ಜಾರಿದೆ. ಸ್ಕ್ರೂ ಬಿಗಿಮಾಡಿ, ವೇಗ ಇಳಿಸಿ.

ಬದಿಗಳು ಬಾಗಿದ್ದರೆ ಎಷ್ಟು ಬಾಗಿವೆ ಎಂದು ನೋಡಿ. ಹಂತ 5ರಲ್ಲಿ ಲೆಕ್ಕ ಮಾಡಿದ 400 ಮಿ.ಮೀ. ಉದ್ದದ ಅಡ್ಡಗೆರೆ ಬರೆಸಿದಾಗ ಅದು ಸೆಂಟಿಮೀಟರುಗಟ್ಟಲೆ ಬಾಗಿದರೆ ಗೆರೆಯನ್ನು ತುಂಡು ಮಾಡುವ ಭಾಗ ಕೆಲಸ ಮಾಡುತ್ತಿಲ್ಲ. ಮಿಲಿಮೀಟರ್ ಲೆಕ್ಕದ ಬಾಗು ಅಳತೆಯದು. ಹುಕ್ಕುಗಳ ಅಂತರ ನಿಜವಾಗಿ 810 ಇದ್ದು ನೀವು 800 ಎಂದು ಬರೆದಿದ್ದರೆ ಅಂಥ ಗೆರೆ ನಡುವಿನಲ್ಲಿ ಒಂದು ಮಿಲಿಮೀಟರಿನಷ್ಟು ಮೇಲೆ ಉಬ್ಬುತ್ತದೆ. ಶುರುವಿನಲ್ಲಿ ದಾರಗಳು 500ರ ಬದಲು 510 ಇದ್ದರೆ ಅಷ್ಟೇ ಕೆಳಗೆ ಜಗ್ಗುತ್ತದೆ.

ಹಂತ 7: ಮೊದಲ ನಿಜವಾದ ಚಿತ್ರ

ಬೇಲೂರು, ಹಳೇಬೀಡಿನ ಜಗತಿಯ (ಗುಡಿ ನಿಂತ ಎತ್ತರದ ಕಟ್ಟೆಯ) ಅಂಚಿನಲ್ಲಿ ನಡೆದವರಿಗೆ ನಕ್ಷತ್ರದ ಮೂಲೆಗಳು ಗೊತ್ತಿರುತ್ತವೆ. ಒಂದು ಚೌಕವನ್ನು ನಡುವಿನ ಬಿಂದುವಿನ ಸುತ್ತ ಸ್ವಲ್ಪ ಸ್ವಲ್ಪವೇ ತಿರುಗಿಸಿದರೆ ಸಿಗುವ ಆಕಾರ ಅದು. 22.5 ಡಿಗ್ರಿಯಂತೆ ತಿರುಗಿಸಿದ ನಾಲ್ಕು ಚೌಕ ಸೇರಿದರೆ ಹದಿನಾರು ಮೂಲೆ. ಪೆನ್ನು ಎತ್ತದೆ ಹೊರಗೆರೆ ಮಾತ್ರ ಎಳೆಯಬೇಕಾದರೆ 32 ಬಿಂದು ಸಾಕು. ಕೇಂದ್ರ ಅಡ್ಡ 400, ಇಳಿ 400. ಹೊರಮೂಲೆಗಳು ಕೇಂದ್ರದಿಂದ 120 ಮಿ.ಮೀ., ಒಳಮೂಲೆಗಳು ಅದರ 0.85ರಷ್ಟು, ಅಂದರೆ 102 ಮಿ.ಮೀ. ಪ್ರತಿ 11.25 ಡಿಗ್ರಿಗೆ ಒಂದು ಹೊರಗೆ, ಒಂದು ಒಳಗೆ:

ಅಡ್ಡ = 400 + ದೂರ × ಕೊಸೈನ್(ಕೋನ)
ಇಳಿ = 400 + ದೂರ × ಸೈನ್(ಕೋನ)

ಆರ್ಡುಯಿನೊ ಕೋನವನ್ನು ರೇಡಿಯನ್ನಿನಲ್ಲಿ ಕೇಳುತ್ತದೆ, ಡಿಗ್ರಿಯನ್ನು 0.0174533ರಿಂದ ಗುಣಿಸಿ ಕೊಡಿ. ಮನೆಯ ಗುರುತಿನಿಂದ ಮೊದಲ ಮೂಲೆಗೆ ಹೋಗುವಾಗ ಸರ್ವೊ ಇಲ್ಲದವರು ಪೆನ್ನನ್ನು ಕೈಯಲ್ಲಿ ಹಿಂದಕ್ಕೆ ಎಳೆದು ಹಿಡಿಯಬೇಕು. ಕೊನೆಗೆ ಮೊದಲ ಬಿಂದುವಿಗೆ ಮರಳುವುದನ್ನು ಮರೆಯಬೇಡಿ.

ನಿಮ್ಮದೇ ಚಿತ್ರ ಬೇಕಿದ್ದರೆ ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಬರೆದು ಬಿಂದುಗಳ ಪಟ್ಟಿ ಮಾಡಿಕೊಳ್ಳಿ. ಊನೊದ ಕೆಲಸದ ಮೆಮೊರಿ 2 ಕಿಲೋಬೈಟ್ ಮಾತ್ರ, ಐನೂರು ಬಿಂದುಗಳಿಗೇ ತುಂಬಿಹೋಗುತ್ತದೆ. ಪಟ್ಟಿ ದೊಡ್ಡದಾದರೆ ಕಂಪ್ಯೂಟರಿನಿಂದ ಒಂದೊಂದೇ ಬಿಂದು ಕಳಿಸಿ, ರೋಬೋ "ಮುಗಿಯಿತು" ಎಂದ ಮೇಲೆ ಮುಂದಿನದು. ಕನ್ನಡ ಅಕ್ಷರ ಬರೆಸುವ ಆಸೆ ಎಲ್ಲರಿಗೂ ಇರುತ್ತದೆ. ಫಾಂಟಿನಲ್ಲಿ ಇರುವುದು ಅಕ್ಷರದ ಹೊರಗೆರೆ, ಹಾಗಾಗಿ "ಹಾಸನ" ಎಂದು ಕೊಟ್ಟರೆ ಒಳಗೆ ಪೊಳ್ಳಾದ ಅಕ್ಷರ ಬರುತ್ತದೆ. ಒಂಟಿ ಗೆರೆ ಬೇಕಾದರೆ ಅಕ್ಷರದ ಮೇಲೆ ನೀವೇ ಗೆರೆ ಎಳೆದು ತೆಗೆದುಕೊಳ್ಳಬೇಕು, ತಲಕಟ್ಟಿಗೆ ಪೆನ್ನು ಎತ್ತಬೇಕು. 50 ಮಿ.ಮೀ.ಗಿಂತ ಚಿಕ್ಕ ಅಕ್ಷರಕ್ಕೆ ಕೈಹಾಕಬೇಡಿ. ದಾರದ ಓಲಾಟದಲ್ಲಿ ಒತ್ತಕ್ಷರ ಕಲಸಿಹೋಗುತ್ತದೆ.

ಕರೆಂಟು ಹೋದರೆ

ಮಲೆನಾಡಿನ ಮಳೆಗಾಲದಲ್ಲಿ ಇದು ನಡೆಯುವುದೇ. ಕರೆಂಟು ಬಂದ ಮೇಲೆ ರೋಬೋಗೆ ತಾನೆಲ್ಲಿದ್ದೇನೆ ಎಂಬುದು ಗೊತ್ತಿರುವುದಿಲ್ಲ, ಪೆನ್ನು ಎಲ್ಲೇ ಇದ್ದರೂ ತಾನು ಮನೆಯ ಗುರುತಿನಲ್ಲೇ ಇದ್ದೇನೆಂದು ತಿಳಿಯುತ್ತದೆ. ತೊಟ್ಟಿಲನ್ನು ಗುರುತಿಗೆ ತಂದು, ಎರಡೂ ದಾರ 500 ಇದೆಯೇ ಟೇಪಿನಲ್ಲಿ ನೋಡಿ, ಆಮೇಲೆ ಶುರು ಮಾಡಿ. ಎಲ್ಲವೂ 5 ವೋಲ್ಟಿನಲ್ಲಿ ನಡೆಯುವುದರಿಂದ 2 ಆಂಪ್ಸ್ ಕೊಡುವ ಪವರ್ ಬ್ಯಾಂಕಿನಿಂದಲೂ ಓಡಿಸಬಹುದು. ಪ್ರದರ್ಶನದ ದಿನಕ್ಕೆ ಅದೇ ವಾಸಿ.

ದೊಡ್ಡದು ಮಾಡುವವರಿಗೆ

ಎರಡು ಮೀಟರ್ ಗೋಡೆಗೆ ಈ ಮೋಟಾರು ಸಾಲದು. ನೆಮಾ 17 ಎಂಬ ದೊಡ್ಡ ಸ್ಟೆಪರ್ ಮೋಟಾರು, ಅದನ್ನು ನಡೆಸುವ ಎ4988 ಡ್ರೈವರ್, 12 ವೋಲ್ಟ್ ಅಡಾಪ್ಟರ್, ದಾರದ ಬದಲು ಜಿಟಿ2 ಹಲ್ಲುಬೆಲ್ಟು ಮತ್ತು 20 ಹಲ್ಲಿನ ಪುಲ್ಲಿ ಹಾಕಿ. ಬೆಲ್ಟಿನ ಹಲ್ಲುಗಳ ಅಂತರ 2 ಮಿ.ಮೀ., ಹಾಗಾಗಿ ಒಂದು ಸುತ್ತಿಗೆ 40 ಮಿ.ಮೀ.; ಮೋಟಾರಿನ ಸುತ್ತಿಗೆ 200 ಹೆಜ್ಜೆ, ಒಂದೊಂದನ್ನೂ ಹದಿನಾರು ಪಾಲು ಮಾಡಿದರೆ ಸುತ್ತಿಗೆ 3,200, ಮಿಲಿಮೀಟರಿಗೆ ಸರಿಯಾಗಿ 80 ಹೆಜ್ಜೆ. ಪದರ ಹತ್ತುವ ಕಾಟವೂ ಇಲ್ಲ.

ಡ್ರೈವರಿನ ಸಣ್ಣ ತಿರುಪಿನಿಂದ ಕರೆಂಟಿನ ಮಿತಿ ಹೊಂದಿಸಬೇಕು. ಬೋರ್ಡಿನ ಮೇಲಿನ ರೆಸಿಸ್ಟರಿನಲ್ಲಿ ಆರ್100 ಎಂದಿದ್ದರೆ 1 ಆಂಪ್ಸಿಗೆ ಆ ತಿರುಪು ಮತ್ತು ಗ್ರೌಂಡಿನ ನಡುವೆ 0.8 ವೋಲ್ಟ್, ಆರ್050 ಎಂದಿದ್ದರೆ 0.4 ವೋಲ್ಟ್. ಕರೆಂಟು ಇರುವಾಗ ಮೋಟಾರಿನ ವೈರು ಕಿತ್ತರೆ ಡ್ರೈವರ್ ಸುಡಬಹುದು. ಇನ್ನೊಂದು ಮಾತು: ಈ ಮೋಟಾರಿಗೆ ಗೇರು ಇಲ್ಲ. ಕರೆಂಟು ಹೋದ ಕ್ಷಣ ತೊಟ್ಟಿಲು ಗೋಡೆಗುಂಟ ಜಾರಿ ನೆಲಕ್ಕೆ ಬೀಳುತ್ತದೆ. ಪ್ರತಿ ಬೆಲ್ಟಿನ ಖಾಲಿ ತುದಿಗೆ ಒಂದೊಂದು ತೂಕ ಕಟ್ಟಿ, ಕೆಳಗೆ ಒಂದು ಗೋಣಿಚೀಲ ಮಡಿಸಿ ಇಟ್ಟಿರಿ.